ಗಾಳಿ ಕಂಡರಾಗದವರ ಜೊತೆ ಸಂಸಾರ

ಬಾಯಿ ವಾಸನೆ ಬರುತ್ತಿದೆ ಅನ್ನಿಸಿದ ತಕ್ಷಣ ಬಚ್ಚಲಿಗೆ ಓಡಿ, ಆ ನೀಲಿ ನೀರನ್ನು ಒಂದು ಮುಚ್ಚಳ ಬಾಯಿಗೆ ಸುರಿದುಕೊಂಡು, ಎರಡು ಸಲ ಗುಳುಗುಳು ಮಾಡಿ ಉಗಿದು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸ್ವಲ್ಪ ಹೊತ್ತು ಪುದೀನ ವಾಸನೆ, ಆಮೇಲೆ ಹಳೇ ಕತೆ. ಇವರೇ ಹೊಟ್ಟೆ ಒಂಚೂರು ಕೆಟ್ಟರೆ ಔಷಧಿ ಡಬ್ಬಿ ತಡಕುತ್ತಾರೆ. ಹಿಂದೆ ಯಾರಿಗೋ ಬರೆದುಕೊಟ್ಟು ಉಳಿದಿದ್ದ ಆಂಟಿಬಯಾಟಿಕ್ ಎರಡು ಮಾತ್ರೆ ನುಂಗಿ ಮಲಗುತ್ತಾರೆ. ಕೈ ಹಾಕಬೇಕಾದ ಕಡೆ ಹಾಕುವುದಿಲ್ಲ, ಹಾಕಬಾರದ ಕಡೆ ಹಾಕುತ್ತಾರೆ.

ಬಾಯಿ, ಕರುಳು ಎರಡು ಕಡೆಯೂ ಬಿಡಾರ ಹೂಡಿರುವುದು ಗಾಳಿ ಕಂಡರಾಗದ ಬ್ಯಾಕ್ಟೀರಿಯಾಗಳು. ಡಾಕ್ಟರುಗಳು ಅನೇರೋಬಿಕ್ ಅನ್ನುತ್ತಾರೆ. ಆಮ್ಲಜನಕ ತಾಗಿದರೆ ಕೆಲವು ಸತ್ತೇ ಹೋಗುತ್ತವೆ, ಕೆಲವು ಸ್ವಲ್ಪ ತಡೆದುಕೊಳ್ಳುತ್ತವೆ. ನನ್ನ ಲೆಕ್ಕ ಇಷ್ಟೇ. ಬಾಯಲ್ಲಿ ಅವಕ್ಕೆ ಗೂಡು ಕಟ್ಟಲು ಬಿಡಬೇಡಿ. ಕರುಳಲ್ಲಿ ಕಟ್ಟಿಕೊಂಡ ಗೂಡು ಕೆಡಿಸಬೇಡಿ.

ಬಾಯಿ ತುಂಬ ಗಾಳಿ ಆಡುತ್ತಲ್ಲ, ಅಲ್ಲಿ ಹೇಗೆ ಬದುಕುತ್ತವೆ ಅಂತ ಮೊಮ್ಮಗ ಕೇಳಿದ. ಒಳ್ಳೆ ಪ್ರಶ್ನೆ. ಹಲ್ಲಿನ ಮೇಲೆ ಕೂರುವ ಪಾಚಿ ಪದರ ಪದರವಾಗಿ ಬೆಳೆಯುತ್ತದೆ. ಮೇಲಿನ ಪದರದಲ್ಲಿರುವವು ಆಮ್ಲಜನಕವನ್ನೆಲ್ಲ ಉಸಿರಾಡಿ ಖಾಲಿ ಮಾಡುತ್ತವೆ. ಕೆಳಗೆ ಗಾಳಿಯೇ ಇಳಿಯುವುದಿಲ್ಲ. ಅಲ್ಲಿ ಇವು ಹಾಯಾಗಿರುತ್ತವೆ. ಇನ್ನೂ ಒಳ್ಳೆ ಜಾಗ ಅಂದರೆ ಹಲ್ಲಿಗೂ ಒಸಡಿಗೂ ನಡುವಿನ ಸಂದು. ಆರೋಗ್ಯವಾಗಿದ್ದಾಗ ಆ ಸಂದಿನ ಆಳ 1ರಿಂದ 3 ಮಿಲಿಮೀಟರ್. ಒಸಡು ಊದಿ, ಬಿಟ್ಟುಕೊಂಡು, 4 ದಾಟಿತು ಅಂದರೆ ಬ್ರಷ್ಷಿನ ಎಳೆ ತಳ ಮುಟ್ಟುವುದಿಲ್ಲ. ಪೋರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ರೆಪೊನೆಮಾ ಅಂತ ಬಾಯಿ ತಿರುಗದ ಹೆಸರಿನವು ಅಲ್ಲಿ ಸೇರುತ್ತವೆ. ಒಸಡಿನಿಂದ ಜಿನುಗುವ ರಸ, ರಕ್ತ, ಅದರಲ್ಲಿನ ಪ್ರೋಟೀನು ಇವುಗಳ ಊಟ. ತಿಂದು ಬಿಡುವುದು ಗಂಧಕದ ಗಾಳಿ, ಹೈಡ್ರೋಜನ್ ಸಲ್ಫೈಡ್ ಮತ್ತು ಅದರ ಅಣ್ಣತಮ್ಮಂದಿರು. ನಿಮ್ಮ ಎದುರು ನಿಂತವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರಲ್ಲ, ಅದಕ್ಕೇ.

ಇದಕ್ಕೆ ಮುಕ್ಕಳಿಸಿದರೆ ಏನಾಗುತ್ತದೆ? ತಳ ಹಿಡಿದ ಪಾತ್ರೆಗೆ ನೀರು ತಿರುಗಿಸಿ ಚೆಲ್ಲಿದ ಹಾಗೆ. ನಾನು ಹೇಳಿದರೆ ನಂಬುವುದಿಲ್ಲ ಅಲ್ವಾ, ಲೇವನ್‌ಹುಕ್ ಮಾತು ಕೇಳಿ. ಡಚ್ ಬಟ್ಟೆ ವ್ಯಾಪಾರಿ. ತಾನೇ ತಿಕ್ಕಿ ಮಾಡಿಕೊಂಡ ಮಸೂರದ ಕೆಳಗೆ ತನ್ನ ಹಲ್ಲಿನ ಬಿಳಿ ಲೋಳೆ ಇಟ್ಟು ನೋಡಿ, ಅದರಲ್ಲಿ ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿವೆ ಅಂತ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ದಿನಾ ಉಪ್ಪು ಹಾಕಿ ಹಲ್ಲುಜ್ಜುತ್ತಿದ್ದ ಮನುಷ್ಯ ಅವನು. ಆದರೂ ಸಂದಿಯಲ್ಲಿ ಲೋಳೆ ಉಳಿದಿತ್ತು. ವಿನೆಗರ್‌ನಲ್ಲಿ ಬಾಯಿ ತೊಳೆದರೆ ಲೋಳೆಯ ಹೊರಗಿನವು ಮಾತ್ರ ಸಾಯುತ್ತವೆ, ಒಳಗಿನವಕ್ಕೆ ತಾಗುವುದೇ ಇಲ್ಲ ಅಂತಲೂ ಬರೆದಿಟ್ಟ. ಮುನ್ನೂರು ವರ್ಷಕ್ಕೂ ಹಿಂದೆ ಗೊತ್ತಾದ ವಿಷಯ. ನೀವು ಇನ್ನೂ ಮುಚ್ಚಳದಲ್ಲಿ ಅಳೆಯುತ್ತಿದ್ದೀರಿ.

ನಮ್ಮ ಅತ್ತೆಯವರಿಗೆ ಒಂದು ಹಲ್ಲೂ ಹುಳುಕಿರಲಿಲ್ಲ. ಅದೇ ಅವರ ಹೆಮ್ಮೆ. ಆದರೆ ಐವತ್ತು ದಾಟುತ್ತಿದ್ದಂತೆ ಒಂದೊಂದೇ ಅಲುಗಾಡಿ ಬೀಳತೊಡಗಿದವು. ಒಮ್ಮೆ ಬಿದ್ದ ಹಲ್ಲನ್ನು ನನ್ನ ಅಂಗೈಗೆ ಹಾಕಿದರು. ಮೇಲೆ ಮುತ್ತಿನಂಥ ಬಿಳುಪು, ತೂತಿಲ್ಲ, ಕಲೆಯಿಲ್ಲ. ಬೇರಿನ ಸುತ್ತ ಮಾತ್ರ ಕಪ್ಪುಹಸಿರು ಕಿಟ್ಟ, ಉಗುರಿನಲ್ಲಿ ಕೆರೆದರೂ ಬರದಷ್ಟು ಗಟ್ಟಿ. ವಯಸ್ಸಾಯಿತಲ್ಲ ಅಂದರು. ವಯಸ್ಸೂ ಅಲ್ಲ, ಗಿಯಸ್ಸೂ ಅಲ್ಲ. ಸಂದಿನಲ್ಲಿ ಕೂತವರ ಜೊತೆ ಮೈ ಜಗಳಕ್ಕಿಳಿಯುತ್ತದೆ. ಆ ಉರಿಯೂತ ವರ್ಷಗಟ್ಟಲೆ ನಡೆದರೆ ಹಲ್ಲು ಹಿಡಿದ ಮೂಳೆಯೇ ಕರಗುತ್ತದೆ. ನೋವಿರುವುದಿಲ್ಲ, ಅದೇ ಮೋಸ. ಸಕ್ಕರೆ ಕಾಯಿಲೆ ಇರುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇದು ಇನ್ನೂ ಜಾಸ್ತಿ.

ಈಗ ಹಲ್ಲಿನ ಸಂದಿ ತಿಕ್ಕುವ ದಾರದ ವಿಷಯ. ಇಲ್ಲಿ ಯಾರೂ ಅವಸರ ಮಾಡಬೇಡಿ.

ಫ್ಲಾಸ್ ಅಂತ ಸಿಗುತ್ತದಲ್ಲ, ಅದೇ ಆಗಬೇಕು. ಹೊಲಿಗೆ ದಾರ ಬೇಡ, ಒಸಡು ಕುಯ್ಯುತ್ತದೆ. ಪಿನ್ನು, ಬೆಂಕಿಕಡ್ಡಿ, ಕೂದಲಿನ ಕ್ಲಿಪ್ಪು ಹಾಕಿ ಕೆದಕುವವರು ನನ್ನ ಕಣ್ಣಿಗೆ ಬೀಳದಿರುವುದೇ ಒಳ್ಳೆಯದು. ಒಂದು ಮೊಳ ದಾರ ಎಳೆದುಕೊಳ್ಳಿ. ಕೆಲವರು ಗೇಣುದ್ದ ಕಿತ್ತು ಉಳಿತಾಯ ಮಾಡುತ್ತಾರೆ, ಅದರಲ್ಲಿ ಬೆರಳೇ ನಿಲ್ಲುವುದಿಲ್ಲ. ಮುಕ್ಕಾಲು ಭಾಗ ಒಂದು ಕೈಯ ನಡುಬೆರಳಿಗೆ ಸುತ್ತಿ. ಇನ್ನೊಂದು ನಡುಬೆರಳಿಗೆ ಎರಡು ಸುತ್ತು ಸಾಕು. ನಡುವೆ ಎರಡು ಬೆರಳಗಲ ಬಿಗಿಯಾಗಿ ಉಳಿಯಬೇಕು. ಮೇಲಿನ ಸಾಲಿಗೆ ಹೆಬ್ಬೆರಳಿನಿಂದ ನಡೆಸಿ, ಕೆಳಗಿನ ಸಾಲಿಗೆ ತೋರುಬೆರಳಿನಿಂದ.

ಎರಡು ಹಲ್ಲು ಅಂಟಿಕೊಂಡಿರುವ ಕಡೆ ದಾರ ತಡೆಯುತ್ತದೆ. ಅಲ್ಲಿ ಜೋರಾಗಿ ಒತ್ತಿ ಟಪ್ ಅಂತ ಇಳಿಸಿದರೆ ಒಸಡಿಗೆ ಏಟು. ಆಚೆ ಈಚೆ ಮೆಲ್ಲಗೆ ಆಡಿಸುತ್ತಾ ಇಳಿಸಿ. ಇಳಿದ ಮೇಲೆ ಬಹಳ ಜನ ಮಾಡುವ ತಪ್ಪು ಅಂದರೆ ಹಾಗೇ ಮೇಲಕ್ಕೆಳೆದು ಆಯಿತು ಅನ್ನುವುದು. ಸಿಕ್ಕಿಕೊಂಡ ತುಣುಕು ತೆಗೆಯುವುದಷ್ಟೇ ಕೆಲಸ ಅಂದುಕೊಂಡಿದ್ದಾರೆ. ಅಲ್ಲ. ದಾರವನ್ನು ಒಂದು ಹಲ್ಲಿನ ಕಡೆಗೆ ಬಾಗಿಸಿ, ಅದು ಹಲ್ಲಿನ ಪಕ್ಕೆಯನ್ನು ಅರ್ಧ ಉಂಗುರವಾಗಿ ತಬ್ಬಿಕೊಳ್ಳಬೇಕು. ಹಾಗೇ ಜಾರಿಸಿ ಒಸಡಿನ ಅಂಚಿನ ಒಳಗೆ ಇಳಿಸಿ. ತಾನಾಗಿ ನಿಲ್ಲುವ ಕಡೆ ನಿಲ್ಲಿಸಿ. ಒತ್ತಬೇಡಿ. ಅಲ್ಲಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ, ನಾಲ್ಕಾರು ಸಲ ತಿಕ್ಕಿ. ಹಲ್ಲು ಶುಚಿಯಾದಾಗ ದಾರ ಜಾರುವುದು ನಿಂತು ಕಿರ್ ಅನ್ನುತ್ತದೆ, ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಅದೇ ಸಂದಿಯ ಎದುರು ಗೋಡೆ, ಅಂದರೆ ಪಕ್ಕದ ಹಲ್ಲು. ಇದನ್ನು ಮರೆಯುವವರೇ ಹೆಚ್ಚು. ಮುಂದಿನ ಸಂದಿಗೆ ಹೋಗುವಾಗ ಈ ಬೆರಳಿನಿಂದ ಸ್ವಲ್ಪ ಬಿಚ್ಚಿ ಆ ಬೆರಳಿಗೆ ಸುತ್ತಿಕೊಳ್ಳಿ. ಒಂದು ಸಂದಿಯ ಕೊಳೆ ಇನ್ನೊಂದಕ್ಕೆ ಹಂಚಬೇಡಿ. ಮೇಲಿನ ಬಲಗಡೆ ಕಡೇ ದವಡೆ ಹಲ್ಲಿನಿಂದ ಶುರು ಮಾಡಿ ಸಾಲಾಗಿ ಬನ್ನಿ, ಆಗ ಯಾವುದೂ ತಪ್ಪುವುದಿಲ್ಲ. ಕಡೇ ಹಲ್ಲಿನ ಬೆನ್ನು ಕೂಡ ತಿಕ್ಕಿ. ಅಲ್ಲಿ ಸಂದಿ ಇಲ್ಲವಲ್ಲ ಅಂತ ಬಿಡುತ್ತಾರೆ, ಅಲ್ಲೇ ಜಾಸ್ತಿ ಇರುತ್ತದೆ.

ಮೊದಲ ಸಲ ಹಿಂದಿನ ಹಲ್ಲಿನ ಸಂದಿಯಿಂದ ತೆಗೆದ ದಾರವನ್ನು ಮೂಗಿನ ಹತ್ತಿರ ಹಿಡಿಯಿರಿ. ಹಳದಿ ಬಿಳುಪಿನ ಹಿಟ್ಟಿನಂಥದ್ದು ಅಂಟಿರುತ್ತದೆ, ವಾಸನೆ ಹೇಳುವುದೇ ಬೇಡ. ನಾನು ಯಾರಿಗೂ ಭಾಷಣ ಮಾಡುವುದಿಲ್ಲ, ಇದೊಂದು ಮಾಡಿಸುತ್ತೇನೆ. ಮಾರನೇ ದಿನ ತಾವಾಗಿ ದಾರ ಹುಡುಕುತ್ತಾರೆ.

ರಕ್ತ ಬರುತ್ತದೆ. ಬಂದೇ ಬರುತ್ತದೆ, ಒಸಡು ಊದಿರುವುದರಿಂದ. ಅಯ್ಯೋ ರಕ್ತ ಅಂತ ನಿಲ್ಲಿಸಿದರೆ ಇನ್ನೂ ಊದುತ್ತದೆ. ದಿನಾ ಮೆಲ್ಲಗೆ ಮಾಡುತ್ತಾ ಬಂದರೆ ವಾರ ಎರಡು ವಾರದಲ್ಲಿ ಕಮ್ಮಿಯಾಗಬೇಕು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತವರ ಜೊತೆಯವರು ಇದನ್ನು ಮಾಡಿಯೇ ತೋರಿಸಿದರು. ಒಸಡು ಚೆನ್ನಾಗಿದ್ದ 12 ಜನ ಹಲ್ಲುಜ್ಜುವುದನ್ನೇ ನಿಲ್ಲಿಸುವಂತೆ ಮಾಡಿದರು. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಶುಚಿ ಮಾಡಲು ಶುರು ಮಾಡಿದ ಮೇಲೆ ವಾರದೊಳಗೆ ಸರಿಹೋಯಿತು. ನಿಮಗೆ ಕಮ್ಮಿಯಾಗದಿದ್ದರೆ ಒಳಗೆ ಕಿಟ್ಟ ಕೂತಿದೆ ಅಂತ ಅರ್ಥ. ಅದಕ್ಕೆ ದಾರ ಸಾಲದು, ಹಲ್ಲಿನ ಡಾಕ್ಟರೇ ಕೆರೆಯಬೇಕು. ಕೆರೆಸಿದರೆ ಹಲ್ಲು ಸಡಿಲವಾಗುತ್ತದೆ ಅಂತ ಒಂದು ಮಾತಿದೆ. ಮೂಳೆ ಕರಗಿ ಮೊದಲೇ ಸಡಿಲವಾಗಿತ್ತು, ಕಿಟ್ಟ ಹಿಡಿದುಕೊಂಡಿತ್ತು ಅಷ್ಟೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ದಾರ ಹಿಡಿಯುವ ಮೊದಲು ಒಂದು ಮಾತು ಡಾಕ್ಟರನ್ನು ಕೇಳಿ.

ರಾತ್ರಿ ಮಲಗುವ ಮುಂಚೆ ಮಾಡಿ. ಮೊದಲು ದಾರ, ಆಮೇಲೆ ಬ್ರಷ್. ಸಂದಿ ಶುಚಿಯಾಗಿದ್ದರೆ ಪೇಸ್ಟಿನ ಫ್ಲೋರೈಡ್ ಒಳಗೆ ಹೋಗುತ್ತದೆ. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಬಾಯಿ ಒಣಗುತ್ತದೆ, ಈ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಸಂದಿ ಅಗಲ ಇರುವವರಿಗೆ ದಾರಕ್ಕಿಂತ ಪುಟ್ಟ ಸಂದಿ ಬ್ರಷ್ ವಾಸಿ.

ನಾಲಿಗೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ತುದಿ ಹೆರೆದು ಪ್ರಯೋಜನವಿಲ್ಲ, ವಾಸನೆ ಇರುವುದು ಹಿಂಭಾಗದಲ್ಲಿ. ಓಕರಿಕೆ ಬರುವ ಜಾಗದ ಸ್ವಲ್ಪ ಮುಂದೆ ನಾಲಿಗೆ ಹೆರೆಯುವ ಪಟ್ಟಿ ಇಟ್ಟು ಮುಂದಕ್ಕೆ ಎಳೆಯಿರಿ. ಹಗುರವಾಗಿ. ಚರ್ಮ ಸುಲಿಯಬೇಕಾಗಿಲ್ಲ.

ಗಾಳಿ ಇಲ್ಲದ ಸಂದಿ ಅಂದಾಗ ಅಡುಗೆಮನೆ ನೆನಪಾಯಿತು. ಈಚೆಗೆ ಬೆಳ್ಳುಳ್ಳಿ ಸುಲಿದು ಎಣ್ಣೆಯಲ್ಲಿ ಮುಳುಗಿಸಿ, ಬಾಟಲಿಯನ್ನು ಚೆಂದಕ್ಕೆ ಕಿಟಕಿಯಲ್ಲಿ ಇಡುತ್ತಾರೆ. ಬೊಟುಲಿನಮ್ ಅಂತ ಗಾಳಿ ಕಂಡರಾಗದ ಇನ್ನೊಂದು ಬ್ಯಾಕ್ಟೀರಿಯಾ, ಮಣ್ಣಿನಿಂದ ಬಂದ ಅದರ ಬೀಜಕಣ ಬೆಳ್ಳುಳ್ಳಿಗೆ ಅಂಟಿರಬಹುದು. ಎಣ್ಣೆ ಗಾಳಿ ಮುಚ್ಚುತ್ತದೆ, ಹೊರಗಿನ ಬಿಸುಪು ಸಿಗುತ್ತದೆ, ಅದು ಮೊಳೆತು ವಿಷ ಮಾಡುತ್ತದೆ. ವಾಸನೆಯಿಲ್ಲ, ರುಚಿಯಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಇದೇ ಬೆಳ್ಳುಳ್ಳಿ ಎಣ್ಣೆಯಿಂದ ಹೋಟೆಲಿನಲ್ಲಿ ಉಂಡವರು ಕಾಯಿಲೆ ಬಿದ್ದರು. ಹುಳಿ ಸಾಕಷ್ಟು ಬಿದ್ದಿದ್ದರೆ ಅದು ಮೊಳೆಯುವುದಿಲ್ಲ. ಬರೀ ಎಣ್ಣೆಯಾದರೆ ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಖಾಲಿ ಮಾಡಿ, ಉಳಿದದ್ದು ಚೆಲ್ಲಿ.

ಮೌತ್‌ವಾಶ್ ಡಾಕ್ಟರೇ ಬರೆದುಕೊಟ್ಟರೆ ಹೇಳಿದಷ್ಟು ದಿನ ಬಳಸಿ. ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ತಿಂಗಳುಗಟ್ಟಲೆ ಬಳಸಿ ಹಲ್ಲು ಕಂದು ಮಾಡಿಕೊಂಡವರನ್ನು ನೋಡಿದ್ದೇನೆ. ಬಾಯಲ್ಲಿರುವವೆಲ್ಲ ಕೆಟ್ಟವೂ ಅಲ್ಲ. ನಾಲಿಗೆ ಮೇಲಿನ ವೈಲೊನೆಲ್ಲಾದಂಥವು ಸೊಪ್ಪಿನಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಮಾಡಿ ಕೊಡುತ್ತವೆ. ಅದರಿಂದ ಮೈ ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ. ದಿನಾ ಎಲ್ಲವನ್ನೂ ಕೊಂದು ಉಗಿದರೆ ಇದೂ ಹೋಯಿತು. ಮತ್ತೆ ಬಾಯಿ ವಾಸನೆ ಹೊಟ್ಟೆಯಿಂದ ಬರುತ್ತದೆ ಅಂತ ಜೀರ್ಣದ ಔಷಧಿ ಕುಡಿಯುವುದನ್ನು ಬಿಡಿ. ಹೆಚ್ಚಿನವರಿಗೆ ಅದು ಬಾಯಿಂದಲೇ ಬರುವುದು.

ಹೊಟ್ಟೆಯ ಕತೆ ಬೇರೆ. ದೊಡ್ಡ ಕರುಳಲ್ಲಿ ಇವುಗಳದೇ ರಾಜ್ಯ. ಅಲ್ಲಿನ ಒಂದು ಗ್ರಾಂನಲ್ಲಿ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ, ಬಹುಪಾಲು ಗಾಳಿ ಬೇಡದವೇ. 2016ರಲ್ಲಿ ಲೆಕ್ಕ ಹಾಕಿದವರು ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ನಮ್ಮ ಸ್ವಂತ ಜೀವಕೋಶ ಸುಮಾರು 30 ಲಕ್ಷ ಕೋಟಿ ಅಂದರು. ಆ ಬ್ಯಾಕ್ಟೀರಿಯಾ ಅಷ್ಟೂ ಸೇರಿ ತೂಕ ಮಾತ್ರ 200 ಗ್ರಾಂ ಆಸುಪಾಸು. ನಮಗೆ ಅರಗದ ನಾರನ್ನು ಇವು ತಿಂದು ಬ್ಯುಟಿರೇಟ್ ಅನ್ನುವ ಆಮ್ಲ ಕೊಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಊಟ. ಅದನ್ನು ಉರಿಸಲು ಆ ಕೋಶಗಳು ಆಮ್ಲಜನಕ ಬಳಸಿಬಿಡುವುದರಿಂದ ಕರುಳಿನೊಳಗೆ ಗಾಳಿ ಸೋರುವುದಿಲ್ಲ. ಇವರು ಅವರನ್ನು ಸಾಕುತ್ತಾರೆ, ಅವರು ಇವರ ಮನೆ ಕಾಯುತ್ತಾರೆ. ನಮ್ಮ ಪಾಲಿಗೆ ಇರುವ ಕೆಲಸ ನಾರು ಹಾಕುವುದು. ಕಾಳು, ಸೊಪ್ಪು, ತರಕಾರಿ, ಸಿಪ್ಪೆ ಸಮೇತ ತಿನ್ನಬಹುದಾದ ಹಣ್ಣು, ಪಾಲಿಶ್ ಮಾಡದ ಧಾನ್ಯ, ಒಂದನ್ನೇ ಹಿಡಿಯದೆ ಬದಲಾಯಿಸುತ್ತಾ. ಇದನ್ನು ಓದಿ ನಾಳೆಯೇ ತಟ್ಟೆ ತುಂಬ ಕಾಳು ಬಡಿಸಿಕೊಳ್ಳಬೇಡಿ. ಅಭ್ಯಾಸವಿಲ್ಲದ ಕರುಳು ಉಬ್ಬಿಕೊಂಡು, ಆಫೀಸಿನಲ್ಲಿ ನಾಚಿಕೆಯಾಗಿ, ಆಮೇಲೆ ನನ್ನನ್ನು ಬೈಯುತ್ತೀರಿ. ಒಂದು ಹಿಡಿಯಿಂದ ಶುರು ಮಾಡಿ, ವಾರ ವಾರಕ್ಕೆ ಏರಿಸಿ, ನೀರು ಕುಡಿಯಿರಿ.

ಆಂಟಿಬಯಾಟಿಕ್ ಬೇಕಾದಾಗ ಬೇಕೇ ಬೇಕು. ಅದರ ವಿರುದ್ಧ ನಾನು ಮಾತಾಡುವುದಿಲ್ಲ. ಆದರೆ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್ ಇರುವುದೇ ಇಂಥವನ್ನು ಕೊಲ್ಲಲು. ಸುಮ್ನೆ ಹೊಟ್ಟೆ ಗುಡುಗುಡು ಅಂದಿದ್ದಕ್ಕೆ ಅದನ್ನು ನುಂಗಿದರೆ ಒಳಗಿನ ಊರೇ ಖಾಲಿ. ಖಾಲಿ ಜಾಗಕ್ಕೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ಬಂದು ಸೇರಿದರೆ ಕಷ್ಟ. ಅದೂ ಗಾಳಿ ಬೇಡದ್ದೇ, ಆದರೆ ವಿಷ ಬಿಟ್ಟು ಕರುಳು ಸುಡುತ್ತದೆ. ಯಾವ ಆಂಟಿಬಯಾಟಿಕ್ ಆದರೂ ಇದಕ್ಕೆ ದಾರಿ ಮಾಡಿಕೊಡಬಹುದು. ವಯಸ್ಸಾದವರಿಗೆ ಹೆಚ್ಚು ಅಪಾಯ. ಮಾತ್ರೆ ತೆಗೆದುಕೊಳ್ಳುವಾಗಲೋ, ಮುಗಿದು ಕೆಲವು ವಾರದೊಳಗೋ ನೀರು ನೀರಾಗಿ ಪದೇ ಪದೇ ಹೋಗುತ್ತಿದ್ದರೆ, ಜ್ವರವೋ ರಕ್ತವೋ ಕಂಡರೆ, ಭೇದಿ ನಿಲ್ಲಿಸುವ ಮಾತ್ರೆ ತಾವಾಗಿ ತೆಗೆದುಕೊಳ್ಳದೆ ಡಾಕ್ಟರ ಹತ್ತಿರ ಹೋಗಿ. ಯಾವ ಆಂಟಿಬಯಾಟಿಕ್, ಯಾವಾಗ ತೆಗೆದುಕೊಂಡಿರಿ ಅಂತ ಮೊದಲೇ ಹೇಳಿ, ಚೀಟಿ ಇದ್ದರೆ ತೋರಿಸಿ. ಅಂಥವರ ಆರೈಕೆ ಮಾಡುವವರು ಸ್ಯಾನಿಟೈಸರ್ ಸವರಿಕೊಂಡು ಸುಮ್ಮನಾಗಬೇಡಿ. ಡಿಫಿಸಿಲ್‌ನ ಬೀಜಕಣ ಆಲ್ಕೋಹಾಲಿಗೆ ಸಾಯುವುದಿಲ್ಲ. ಸೋಪು ಹಚ್ಚಿ, ಬೆರಳ ಸಂದಿ ಉಗುರಿನ ಸಂದಿ ಎಲ್ಲ ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಕಕ್ಕಸು ತೊಳೆಯಲು ಫಿನಾಯಿಲ್ ಬೇಡ, ಬ್ಲೀಚ್ ಹಾಕಿ.