ಮಹಿಷಾಸುರನಿಗೆ ಎಷ್ಟು ಮನಾ? ನಮ್ಮೂರ ಕಥೆ ಇಟ್ಟು ಫ್ಯಾನ್ ಕಾರ್ಡ್ ಮಾಡುವವ್ರಿಗೆ

ಸ್ವಂತ ಕಾರ್ಡ್ ಮಾಡ್ಲಿಕ್ಕೆ ಹೊರಟವರಲ್ಲಿ ಹೆಚ್ಚಿನವ್ರು ಮೊದ್ಲು ಚಿತ್ರ ಹುಡುಕ್ತಾರೆ, ಆಮೇಲೆ ಫ್ರೇಮ್, ಆಮೇಲೆ ಹೆಸ್ರು, ಕಡೆಗೆ ಜಾಗ ಉಳಿದ್ರೆ ರೂಲ್ಸ್. ದಯವಿಟ್ಟು ಇದನ್ನು ಉಲ್ಟಾ ಮಾಡಿ. ನಾನು ಇಲ್ಲಿ ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಹಿಡ್ಕೊಂಡೇ ಹೇಳ್ತೇನೆ, ಯಾಕಂದ್ರೆ 1993ರಿಂದ ಇವತ್ತಿನವರೆಗೆ ಅದ್ರ ಡಿಸೈನಲ್ಲಿ ಎಂತ ಬದಲಾಯ್ತು, ಎಂತ ಬದಲಾಗ್ಲೇ ಇಲ್ಲ ಅಂತ ನೋಡಿದ್ರೆ ಕಲೀಲಿಕ್ಕೆ ತುಂಬ ಉಂಟು. ನನ್ನ ಲೆಕ್ಕ ಇಷ್ಟೇ: ಎದುರು ಕೂತವ ಆಟದ ಮಧ್ಯೆ ಕಣ್ಣು ಹಾಯಿಸಿ ಹುಡುಕುದು ಯಾವುದೆಲ್ಲ ಉಂಟೋ ಅದೆಲ್ಲ ಕಂಪೆನಿಯವ್ರು ಇಟ್ಟ ಜಾಗದಲ್ಲೇ ಇರ್ಲಿ, ಉಳಿದದ್ದು ಪೂರ್ತಿ ನಿಮ್ದು. ಮುರಿಯುದೇ ಆದ್ರೆ ಒಂದು ಕಾರ್ಡಲ್ಲಿ ಒಂದೇ ಕಡೆ ಮುರೀರಿ, ಅದಕ್ಕೂ ಆ ಕಾರ್ಡಿನ ಕಥೆಯೇ ಕಾರಣ ಆಗಿರ್ಬೇಕು.

ಹುಡುಕುದು ಅಂದ್ರೆ ಯಾವುದು? ಮೇಲೆ ಎಡಗಡೆ ಹೆಸ್ರು, ಬಲಗಡೆ ಮನಾ ಕಾಸ್ಟ್ (ಮನಾ ಅಂದ್ರೆ ಕಾರ್ಡ್ ಆಡ್ಲಿಕ್ಕೆ ಖರ್ಚು ಮಾಡುವ ಬಣ್ಣಬಣ್ಣದ ಶಕ್ತಿ), ಮಧ್ಯದಲ್ಲಿ ಕಾರ್ಡ್ ಯಾವ ಜಾತಿದು ಅಂತ ಹೇಳುವ ಟೈಪ್ ಲೈನ್, ಕೆಳಗೆ ಬಲಮೂಲೆಯಲ್ಲಿ ಪವರ್ ಟಫ್‌ನೆಸ್ (2/1 ಅಂದ್ರೆ ಹೊಡೆಯುವ ಬಲ ಎರಡು, ತಡ್ಕೊಳ್ಳುವ ಬಲ ಒಂದು). ಫ್ರೇಮಿನ ಬಣ್ಣ ಕಾಸ್ಟಿಗೆ ಸರಿ ಹೊಂದ್ಬೇಕು, ಕೆಂಪು ಮನಾ ಕಾರ್ಡಿಗೆ ಚಂದ ಕಾಣ್ತದೆ ಅಂತ ನೀಲಿ ಫ್ರೇಮ್ ಹಾಕಿದ್ರೆ ಮೇಜಿನ ಆಚೆ ಇರುವವ ತಪ್ಪು ತಿಳ್ಕೊಳ್ತಾನೆ, ಅದು ಅವನ ತಪ್ಪಲ್ಲ. ಕಾರ್ಡ್ ಯಾವ ಸೆಟ್ಟಿಂದು ಅಂತ ತೋರಿಸುವ ಸೆಟ್ ಸಿಂಬಲ್ ನಿಮ್ದೇ ಮಾಡಿ, ಒಂದು ಕಿರೀಟದ ಔಟ್‌ಲೈನ್ ಆದ್ರೂ ಸಾಕು, ಆದ್ರೆ ಕಾರ್ಡ್ ಎಷ್ಟು ಅಪರೂಪ ಅಂತ ಅದ್ರ ಬಣ್ಣವೇ ಹೇಳ್ತದೆ, ಕಾಮನ್‌ಗೆ ಕಪ್ಪು, ಅನ್‌ಕಾಮನ್‌ಗೆ ಬೆಳ್ಳಿ, ರೇರ್‌ಗೆ ಚಿನ್ನ, 2008ರಲ್ಲಿ ಬಂದ ಮಿಥಿಕ್‌ಗೆ ಕೇಸರಿ ಅನ್ನುದನ್ನು ಹಾಗೇ ಬಿಡಿ. ಕಂಪೆನಿಯವ್ರೇ ಮುರ್ದಿದ್ದಾರಲ್ಲ ಅಂತ ಕೇಳ್ಬಹುದು. ಹೌದು, 2007ರ ಫ್ಯೂಚರ್ ಸೈಟ್ ಸೆಟ್ಟಲ್ಲಿ ಕೆಲವು ಕಾರ್ಡುಗಳ ಮನಾ ಸಿಂಬಲ್ಲನ್ನು ಎಡಗಡೆ ಅಂಚಲ್ಲಿ ಕೆಳಗಿಳಿಸಿ ಇಟ್ಟಿದ್ರು. ಆದ್ರೆ ಅವು ಮುಂದಿನ ಕಾಲದಿಂದ ಬಂದ ಕಾರ್ಡುಗಳು ಅನ್ನುದೇ ಅಲ್ಲಿನ ಕಥೆ, ಮತ್ತೆ ಆ ಗುಂಪಿನ ಎಲ್ಲ ಕಾರ್ಡೂ ಒಂದೇ ರೀತಿ ಇತ್ತು. ಮುರಿಯುದಾದ್ರೆ ಹಾಗೆ.

ಈಗ ಕೆಲ್ಸ ಶುರು ಮಾಡುವ. ಒಂದು ಸಾದಾ ಕಾಗದ ತೆಗ್ದು ನಿಮ್ಮ ಕಾರ್ಡಿನ ಜೀವ ಎಲ್ಲುಂಟು ಅಂತ ಒಂದು ವಾಕ್ಯ ಬರೀರಿ. ಕಂಬಳದ ಕೋಣ ಅಂತ ಇಟ್ಕೊಳ್ಳಿ. ಕಂಬಳದಲ್ಲಿ ಒಂಟಿ ಕೋಣಕ್ಕೆ ಅರ್ಥ ಇಲ್ಲ, ನೊಗಕ್ಕೆ ಜೋಡಿ ಕಟ್ಟಿದ್ರೇ ಓಟ. ಇದಕ್ಕೆ ಹೊಸ ಕೀವರ್ಡ್ (ಒಂದು ನಿಯಮವನ್ನು ಒಂದೇ ಪದದಲ್ಲಿ ಹೇಳುವ ಹೆಸ್ರು) ಹುಟ್ಟಿಸ್ಲಿಕ್ಕೆ ಕೈ ತುರಿಸ್ತದೆ ನನಗೆ ಗೊತ್ತುಂಟು, ಆದ್ರೆ ಮೊದ್ಲು ಮ್ಯಾಜಿಕ್ ಕಾರ್ಡ್ ಹುಡುಕುವ ವೆಬ್‌ಸೈಟ್ ಸ್ಕ್ರೈಫಾಲಲ್ಲಿ ಹುಡುಕಿ, 2012ರ ಅವಾಸಿನ್ ರಿಸ್ಟೋರ್ಡ್ ಸೆಟ್ಟಲ್ಲಿ ಸೋಲ್‌ಬಾಂಡ್ ಅಂತ ಒಂದು ಕೀವರ್ಡ್ ಬಂದಿದೆ, ಎರಡು ಕ್ರೀಚರ್ (ಕಾದಾಡುವ ಜೀವಿಯ ಕಾರ್ಡ್) ಜೋಡಿ ಆಗಿ ಒಟ್ಟಿಗೆ ಇರುವಷ್ಟು ಹೊತ್ತು ಇಬ್ರಿಗೂ ಲಾಭ. ಕಂಬಳಕ್ಕೆ ಅಂತಲೇ ಬರ್ದ ಹಾಗುಂಟು ಮಾರಾಯ್ರೆ. ಅದೇ ಸೆಟ್ಟಿನ ಲೈಟ್ನಿಂಗ್ ಮಾಲರ್ ನೋಡಿ: ಎರಡು ಮನಾ, 2/1, ಜೋಡಿಯಾದ್ರೆ ಎರಡಕ್ಕೂ ಹೇಸ್ಟ್, ಅಂದ್ರೆ ಬಂದ ಟರ್ನಲ್ಲೇ ಹೊಡೀಬಹುದು. ಈಗ ನಿಮ್ಮ ಹತ್ರ ಅಳತೆಗೋಲು ಸಿಕ್ತು. ನಮ್ಮ ಕೋಣ ಇನ್ನೂ ದೊಡ್ಡದು, ಹಾಗಾಗಿ ಕೆಂಪು ಹಸಿರು ಸೇರಿಸಿ ನಾಲ್ಕು ಮನಾಕ್ಕೆ 3/3, ಜೋಡಿಗೆ ಹೇಸ್ಟ್ ಮತ್ತೆ ಟ್ರ್ಯಾಂಪಲ್ (ಅಡ್ಡ ಬಂದವನಿಗೆ ಹೊಡ್ದು ಉಳಿದ ಏಟು ಎದುರಾಳಿಗೆ). ಟೈಪ್ ಎಂತ ಹಾಕುದು? ಆಕ್ಸ್ ಅಂತ ಆಟದಲ್ಲಿ ಮೊದ್ಲೇ ಉಂಟು, ಅದನ್ನೇ ಹಾಕಿ, ಹೊಸ ಟೈಪ್ ಹುಟ್ಟಿಸಿದ್ರೆ ಬೇರೆ ಯಾವ ಕಾರ್ಡಿನ ಜೊತೆಗೂ ಅದು ಬೆರೆಯುದಿಲ್ಲ, ಒಂಟಿಯಾಗ್ತದೆ.

ಬೆಲೆ ಕಟ್ಟುವಾಗ ಹೀಗೆ ಹಳೇ ಕಾರ್ಡ್ ಪಕ್ಕದಲ್ಲಿ ಇಟ್ಕೊಳ್ಳುದು ಎಲ್ಲದಕ್ಕಿಂತ ಮುಖ್ಯ. ಗ್ರಿಜ್ಲಿ ಬೇರ್ಸ್ ಎರಡು ಮನಾಕ್ಕೆ ಬರೀ 2/2. ಲೈಟ್ನಿಂಗ್ ಬೋಲ್ಟ್ ಒಂದು ಮನಾಕ್ಕೆ ಮೂರು ಡ್ಯಾಮೇಜ್, ಅದೇ ವಿಪರೀತ ಸ್ಟ್ರಾಂಗ್. ಸೆರಾ ಏಂಜೆಲ್ ಐದು ಮನಾಕ್ಕೆ 4/4, ಹಾರ್ತದೆ, ವಿಜಿಲೆನ್ಸ್ ಉಂಟು (ಹೊಡೀಲಿಕ್ಕೆ ಹೋದ್ರೂ ಟ್ಯಾಪ್ ಆಗುದಿಲ್ಲ, ಅಂದ್ರೆ ಕಾರ್ಡ್ ಅಡ್ಡ ತಿರುಗಿಸ್ಲಿಕ್ಕಿಲ್ಲ). ನಿಮ್ಮ ಕಾರ್ಡ್ ಇವೆಲ್ಲಕ್ಕಿಂತ ಚೀಪಾಗಿ ಹೆಚ್ಚು ಕೆಲ್ಸ ಮಾಡ್ತದೆ ಅಂತಾದ್ರೆ ಪ್ರೀತಿ ಜಾಸ್ತಿ ಆಗಿದೆ ಅಂತ ಅರ್ಥ, ಒಂದು ಮನಾ ಏರಿಸಿ.

ಬಣ್ಣದ ವಿಷಯಕ್ಕೆ ಬರುವ, ಆಟದಲ್ಲಿ ಪ್ರತಿ ಬಣ್ಣಕ್ಕೂ ಅದ್ರದ್ದೇ ಕೆಲ್ಸ ಉಂಟು. ಅಗೋಳಿ ಮಂಜಣ್ಣನ ಕಾರ್ಡ್ ಮಾಡ್ಬೇಕು ಅಂತ ಆಸೆ ಇಲ್ಲದವ್ರು ನಮ್ಮ ಕಡೆ ಯಾರಿದ್ದಾರೆ ಹೇಳಿ, ಪಾಡ್ದನದ (ತುಳು ಜನಪದ ಹಾಡಿನ) ಬಲಶಾಲಿ, ರಾಶಿ ರಾಶಿ ಊಟ ಮಾಡುವವ. ದೊಡ್ಡ ದೇಹ, ಬಲ, ಹಸಿವು ಅಂದ್ಮೇಲೆ ಹಸಿರು. ಇಲ್ಲೊಂದು ಗಮನ ಬೇಕು. ಬಲಶಾಲಿ ಅಂತ ಹೇಳಿ "ಎದುರಾಳಿಯ ಕ್ರೀಚರನ್ನು ಡಿಸ್ಟ್ರಾಯ್ ಮಾಡು" ಅಂತ ನೇರ ಬರ್ದ್ರೆ ಅದು ಕಪ್ಪಿನ ಕೆಲ್ಸ ಆಯ್ತು. ಹಸಿರಿನವ ಕೈ ಮಿಲಾಯಿಸ್ಬೇಕು, ಅದಕ್ಕೆ ಫೈಟ್ ಉಂಟು, ಇಬ್ರೂ ತಮ್ಮ ಪವರಿನಷ್ಟು ಒಬ್ಬರಿಗೊಬ್ರು ಹೊಡೀತಾರೆ. ಇನ್ನು ಊಟಕ್ಕೆ 2019ರ ಥ್ರೋನ್ ಆಫ್ ಎಲ್ಡ್ರೇನಲ್ಲಿ ಬಂದ ಫುಡ್ ಟೋಕನ್ ಉಂಟು, ಎರಡು ಮನಾ ಕೊಟ್ಟು ಟ್ಯಾಪ್ ಮಾಡಿ ಸ್ಯಾಕ್ರಿಫೈಸ್ ಮಾಡಿದ್ರೆ (ಬಿಟ್ಟುಕೊಟ್ರೆ) ಮೂರು ಲೈಫ್. ಮಂಜಣ್ಣ ಬಂದಾಗ ಎರಡು ಫುಡ್ ಟೋಕನ್, ಪ್ರತಿಸಲ ನೀವು ಒಂದು ಫುಡ್ ಸ್ಯಾಕ್ರಿಫೈಸ್ ಮಾಡಿದಾಗ ಅವನಿಗೆ ಒಂದು +1/+1 ಕೌಂಟರ್, ಅಂದ್ರೆ ಪವರ್ ಟಫ್‌ನೆಸ್ ಎರಡೂ ಒಂದೊಂದು ಏರುವ ಗುರ್ತು. ಹೊಸ ನಿಯಮ ಒಂದೂ ಇಲ್ಲ, ಆದ್ರೂ ಕಾರ್ಡ್ ನೋಡಿದ ಕೂಡ್ಲೆ ಇದು ಮಂಜಣ್ಣನೇ ಅಂತ ಗೊತ್ತಾಗ್ತದೆ. ನನಗೆ ಖುಷಿ ಕೊಡುವ ಸ್ವಾತಂತ್ರ್ಯ ಅಂದ್ರೆ ಇಂಥದ್ದು, ಇದ್ದ ಕೀವರ್ಡುಗಳಿಂದಲೇ ನಮ್ಮವನನ್ನು ನಿಲ್ಲಿಸುದು.

ಮಹಿಷಾಸುರನಿಗೆ ಮಾತ್ರ ಸ್ವಲ್ಪ ಕೈ ಬಿಚ್ಚಬಹುದು. ತೆಂಕುತಿಟ್ಟು ಯಕ್ಷಗಾನದ ದೇವಿ ಮಹಾತ್ಮೆ ನೋಡಿದವ್ರಿಗೆ ಹೇಳ್ಬೇಕಾ, ಅವ ರಂಗಸ್ಥಳದ ಹಿಂದಿನಿಂದ ಸುಮ್ಮನೆ ಬರುದಿಲ್ಲ, ದೊಂದಿ ಹಿಡ್ದು ಆರ್ಭಟ ಮಾಡ್ತಾ ಜನರ ನಡುವಿನಿಂದಲೇ ಬರ್ತಾನೆ, ಕೂತವ್ರೆಲ್ಲ ದಾರಿ ಬಿಡ್ಬೇಕು. ಆ ಎಂಟ್ರಿಯೇ ಕಾರ್ಡ್. ಕಪ್ಪು ಕೆಂಪು, ಲೆಜೆಂಡರಿ, ಟೈಪ್ ಡೀಮನ್, 5/4, ಹೇಸ್ಟ್, ಒಳಗೆ ಬಂದಾಗ ಎದುರಾಳಿಯ ಯಾವ ಕ್ರೀಚರೂ ಈ ಟರ್ನಲ್ಲಿ ಬ್ಲಾಕ್ ಮಾಡುವ ಹಾಗಿಲ್ಲ. ಐದು ಮನಾ ಇಟ್ರೆ ಬಂದ ದಿನವೇ ಆಟ ಮುಗಿಸ್ತಾನೆ, ಆರು ಇಡಿ. ಬರೆಯುವ ಕ್ರಮವೂ ಮುಖ್ಯ: ಕೀವರ್ಡ್ ಮೊದ್ಲು, ಒಳಗೆ ಬಂದಾಗಿನದ್ದು ಆಮೇಲೆ, ಮನಾ ಕೊಟ್ಟು ಮಾಡಿಸುದು ಕಡೆಗೆ. ಒಂದೇ ಸಲ ಆಗುದಕ್ಕೆ "ವೆನ್", ಪ್ರತಿಸಲಕ್ಕೆ "ವೆನೆವರ್", ಇಂಥ ಹಂತ ಶುರುವಾಗುವಾಗ ಅನ್ನುದಕ್ಕೆ "ಆಟ್". ಮೊದ್ಲೆಲ್ಲ "ಎಂಟರ್ಸ್ ದ ಬ್ಯಾಟಲ್‌ಫೀಲ್ಡ್" ಅಂತ ಪೂರ್ತಿ ಬರೀತಿದ್ರು, 2024ರ ಬ್ಲೂಮ್‌ಬರೋದಿಂದ ಬರೀ "ಎಂಟರ್ಸ್" ಸಾಕು, ಬಾಕ್ಸಲ್ಲಿ ಜಾಗವೂ ಉಳೀತದೆ.

ಚಿತ್ರ ಕೂರಿಸುವಾಗ ಯಕ್ಷಗಾನದವ್ರಿಗೆ ಬರುವ ದೊಡ್ಡ ತೊಂದ್ರೆ ಕಿರೀಟ. ಸಾಮಾನ್ಯ ಫ್ರೇಮಿನ ಆರ್ಟ್ ಬಾಕ್ಸ್ ಅಡ್ಡಕ್ಕೆ ಉಂಟು, ನಮ್ಮ ವೇಷ ಉದ್ದಕ್ಕೆ. ಮುಖ ದೊಡ್ಡ ಮಾಡಿದ್ರೆ ಕಿರೀಟ ಕಟ್, ಕಿರೀಟ ಉಳಿಸಿದ್ರೆ ಮುಖದ ಚುಟ್ಟಿ (ಬಿಳಿ ಚುಕ್ಕಿಗಳ ಅಲಂಕಾರ) ಕಾಣುದಿಲ್ಲ, ಬಣ್ಣದ ವೇಷದಲ್ಲಿ ಅದು ಕಾಣದಿದ್ರೆ ಎಂತ ಪ್ರಯೋಜನ? ಕೆಲವ್ರು ಹೆಸ್ರಿನ ಪಟ್ಟಿಯನ್ನೇ ಕೆಳಗೆ ತಳ್ಳಿ ಜಾಗ ಮಾಡ್ತಾರೆ, ಅದು ಬೇಡ. ಎರಡು ದಾರಿ ಉಂಟು. ಒಂದು, ಬಾರ್ಡರ್‌ಲೆಸ್ ಫ್ರೇಮ್, ಚಿತ್ರ ಇಡೀ ಕಾರ್ಡಿಗೆ ಹರಡಿ ಪಟ್ಟಿಗಳು ಅದ್ರ ಮೇಲೆ ತಮ್ಮ ತಮ್ಮ ಜಾಗದಲ್ಲೇ ಕೂರ್ತವೆ. ಇನ್ನೊಂದು ಸಾಗಾ ಅನ್ನುವ ಕಾರ್ಡ್ ವಿಧ. 2018ರ ಡೊಮಿನೇರಿಯಾದಲ್ಲಿ ಬಂದದ್ದು, ಬಲಗಡೆ ಉದ್ದಕ್ಕೆ ಚಿತ್ರ, ಎಡಗಡೆ ಅಧ್ಯಾಯಗಳು, ಪ್ರತಿ ಟರ್ನಿಗೆ ಒಂದೊಂದು ಅಧ್ಯಾಯ ನಡ್ದು ಕಡೇದು ಆದ್ಮೇಲೆ ಕಾರ್ಡ್ ಹೋಗ್ತದೆ. ಇಡೀ ಪ್ರಸಂಗವನ್ನೇ ಹಾಕ್ಲಿಕ್ಕೆ ಇದಕ್ಕಿಂತ ಒಳ್ಳೇ ಜಾಗ ಬೇರೆ ಇಲ್ಲ: ಮೊದಲ ಅಧ್ಯಾಯ ಒಡ್ಡೋಲಗ (ಪಾತ್ರದ ಪ್ರವೇಶ), ಎರಡನೇದು ಯುದ್ಧ, ಮೂರನೇದು ವಧೆ. ಮತ್ತೆ ಫೋಟೋ ನೋಡಿ ಚಿತ್ರ ಬಿಡಿಸುದಾದ್ರೆ ಆ ಕಲಾವಿದರನ್ನೂ ಫೋಟೋ ತೆಗ್ದವ್ರನ್ನೂ ಕೇಳಿ, ಕೆಳಗೆ ಎಡಮೂಲೆಯಲ್ಲಿ ಚಿತ್ರಕಾರರ ಹೆಸ್ರು ಹಾಕುವ ಪದ್ಧತಿ ಆಟದಲ್ಲೇ ಉಂಟು, ಅದನ್ನು ಬಿಡ್ಬೇಡಿ.

ದೈವಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಪಂಜುರ್ಲಿ, ಗುಳಿಗ, ಕೊರಗಜ್ಜನನ್ನು ಕ್ರೀಚರ್ ಮಾಡಿ 3/3 ಅಂತ ಬರ್ದು ಯಾರೋ ಲೈಟ್ನಿಂಗ್ ಬೋಲ್ಟ್ ಹೊಡ್ದು ಗ್ರೇವ್‌ಯಾರ್ಡಿಗೆ (ಸತ್ತ ಕಾರ್ಡಿನ ರಾಶಿಗೆ) ಹಾಕುದು, ಅದು ನಮ್ಮ ಊರಲ್ಲಿ ಮಾಡುವ ಕೆಲ್ಸ ಅಲ್ಲ. ಇಲ್ಲಿ ಮನೆಮನೆಯಲ್ಲಿ ನಂಬ್ತಾರೆ. ಕೋಟಿ ಚೆನ್ನಯರಿಗೂ ಗರಡಿಯಲ್ಲಿ ಪೂಜೆ ಉಂಟು, ಅವರನ್ನೂ ಬಿಡಿ. ಹುಲಿವೇಷ, ಕಂಬಳ, ಮಲ್ಪೆಯ ದೋಣಿ, ಸೇಂಟ್ ಮೇರೀಸ್ ದ್ವೀಪದ ಕಂಬದ ಹಾಗೆ ನಿಂತ ಬಂಡೆಗಳು (ಚಂದದ ಲ್ಯಾಂಡ್ ಕಾರ್ಡ್, ಅಂದ್ರೆ ಮನಾ ಕೊಡುವ ಜಾಗದ ಕಾರ್ಡ್ ಆಗ್ತದೆ), ಬೇಕಾದಷ್ಟು ಉಂಟಲ್ಲ.

ಕನ್ನಡ ಅಕ್ಷರ ಹಾಕುವವ್ರಿಗೆ ಒಂದೆರಡು ಮಾತು. ನನ್ನ ಸಲಹೆ, ಹೆಸ್ರು ಮತ್ತು ಫ್ಲೇವರ್ ಟೆಕ್ಸ್ಟ್ (ನಿಯಮ ಅಲ್ಲದ ಕಥೆಯ ಸಾಲು) ಕನ್ನಡದಲ್ಲಿ, ರೂಲ್ಸ್ ಮಾತ್ರ ಇಂಗ್ಲಿಷಲ್ಲಿ, ಯಾಕಂದ್ರೆ ಮೇಜಿನ ಮೇಲಿನ ಉಳಿದ ಕಾರ್ಡೆಲ್ಲ ಹಾಗೇ ಇರ್ತವೆ. ಹೆಸ್ರಿನ ಪಟ್ಟಿ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ್ದು, "ಮಂಜಣ್ಣ" ಅಂತ ಬರ್ದ್ರೆ ಕೆಳಗಿನ ಒತ್ತು ಪಟ್ಟಿಯ ಗೆರೆಗೆ ತಾಗ್ತದೆ. ಅಕ್ಷರ ಸ್ವಲ್ಪ ಸಣ್ಣ ಮಾಡಿ ಮೇಲಕ್ಕೆ ಎತ್ತಿ, ಪಟ್ಟಿಯನ್ನು ದಪ್ಪ ಮಾಡ್ಬೇಡಿ. ಫ್ಲೇವರ್ ಟೆಕ್ಸ್ಟಲ್ಲಿ ಸಾಲಿನ ನಡುವೆ ಜಾಗ ಹೆಚ್ಚು ಬಿಡಿ, ಇಂಗ್ಲಿಷಲ್ಲಿ ಮೂರು ಸಾಲು ಹಿಡಿಯುವಲ್ಲಿ ಕನ್ನಡ ಎರಡೇ ಅಂತ ಲೆಕ್ಕ ಹಾಕಿ. ಫಾಂಟ್ ಯುನಿಕೋಡ್ ಇರ್ಲಿ, ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ ಎರಡೂ ಫ್ರೀ. ಫೋಟೋಶಾಪಲ್ಲಿ ಒತ್ತಕ್ಷರ ಒಡ್ದು ಚೆಲ್ಲಿದ ಹಾಗೆ ಬಂದ್ರೆ ಫಾಂಟನ್ನು ಬೈಬೇಡಿ, ನಮ್ಮ ಲಿಪಿಗೆ ಬೇಕಾದ ಟೈಪ್ ಸೆಟ್ಟಿಂಗ್ ಸರಿ ಇಲ್ಲ ಅಷ್ಟೇ. ಇಂಕ್‌ಸ್ಕೇಪಲ್ಲಿ ಈ ರಗಳೆ ಇಲ್ಲ, ಕಾರ್ಡ್ ಮಾಡುವ ಸಾಫ್ಟ್‌ವೇರ್ ಮ್ಯಾಜಿಕ್ ಸೆಟ್ ಎಡಿಟರಲ್ಲಿ ಫ್ರೇಮ್ ಮಾಡಿ ಇಂಕ್‌ಸ್ಕೇಪಿಗೆ ತಂದು ಕನ್ನಡ ಸೇರಿಸ್ಬಹುದು, ಎರಡಕ್ಕೂ ದುಡ್ಡು ಬೇಡ.

ಬೇರೆ ಆಟದವ್ರಿಗೂ ಇದೇ ಲೆಕ್ಕ. ಪೋಕೆಮಾನ್ ಆದ್ರೆ ಎಚ್‌ಪಿ (ಜೀವದ ಅಂಕ) ಹತ್ತರ ಲೆಕ್ಕದಲ್ಲೇ ಇಡಿ, 75 ಅಂತ ಹಾಕ್ಬೇಡಿ. ಯುಗಿಯೋದಲ್ಲಿ ಕೋಲನ್ ಮತ್ತು ಸೆಮಿಕೋಲನ್‌ಗೇ ಬೇರೆ ಬೇರೆ ಅರ್ಥ ಉಂಟು, ಕೋಲನ್ನಿನ ಮೊದ್ಲು ಬರುದು ಷರತ್ತು, ಸೆಮಿಕೋಲನ್ನಿನ ಮೊದ್ಲು ಬರುದು ಕೊಡ್ಬೇಕಾದ ಬೆಲೆ, ಅದನ್ನು ಅದಲು ಬದಲು ಮಾಡಿದ್ರೆ ಕಾರ್ಡಿನ ಕೆಲ್ಸವೇ ಬದಲಾಗ್ತದೆ.

ಚಿತ್ರಕ್ಕೆ ಕೈ ಹಾಕುವ ಮೊದ್ಲೇ ಆಡಿ ನೋಡಿ. ಹಳೇ ಬೇಸಿಕ್ ಲ್ಯಾಂಡ್ ಕಾರ್ಡನ್ನು ಸ್ಲೀವಿಗೆ (ಕಾರ್ಡಿನ ಪ್ಲಾಸ್ಟಿಕ್ ಕವರಿಗೆ) ಹಾಕಿ, ಅದ್ರ ಮುಂದೆ ಕಾಗದದ ತುಂಡಲ್ಲಿ ಕೈಯಲ್ಲೇ ಬರ್ದು ತೂರಿಸಿ, ಸಾಕು. ಎದುರಾಳಿಗೆ ಏನೂ ವಿವರಿಸ್ಬೇಡಿ, ಕಾರ್ಡ್ ಕೊಟ್ಟು ಸುಮ್ನೆ ಕೂರಿ. ಅವ ಓದ್ತಾ ಎಲ್ಲಿ ನಿಲ್ತಾನೆ, ಎಲ್ಲಿ "ಇದೆಂತ?" ಅಂತ ಕೇಳ್ತಾನೆ, ಅಲ್ಲಿ ಗುರ್ತು ಹಾಕಿ. ಚಿತ್ರ ಬಿಡಿಸಿ ಆದ್ಮೇಲೆ ಒಂದು ಸಾಲು ತೆಗೀಲಿಕ್ಕೂ ಮನಸ್ಸು ಬರುದಿಲ್ಲ, ಅದಕ್ಕೇ ಈಗ್ಲೇ ಮಾಡ್ಬೇಕು.

ಪ್ರಿಂಟಿಗೆ ಮೊದ್ಲು ಹಿಂಬದಿ ನೋಡಿ. ಮ್ಯಾಜಿಕ್ಕಿನ ಹಿಂಬದಿ 1993ರಿಂದ ಅದೇ, ಅದನ್ನು ನಕಲು ಮಾಡುವ ಹಾಗೇ ಇಲ್ಲ, ಅದು ಖೋಟಾ ಕಾರ್ಡ್ ಆಗ್ತದೆ. ಹುಲಿವೇಷದ ಪಟ್ಟೆ ಹಾಕಿ, ಹಿಂದೆ ಬಣ್ಣ ಇರುವ ಸ್ಲೀವಲ್ಲಿ ಆಡಿದ್ರೆ ವ್ಯತ್ಯಾಸ ಕಾಣುದಿಲ್ಲ. ಮ್ಯಾಜಿಕ್ ಮಾಡುವ ಕಂಪೆನಿ ವಿಜರ್ಡ್ಸ್ ಆಫ್ ದ ಕೋಸ್ಟಿನ ಫ್ಯಾನ್ ಕಂಟೆಂಟ್ ಪಾಲಿಸಿ ಪ್ರಕಾರ ಇದನ್ನು ಮಾರುವ ಹಾಗಿಲ್ಲ, ಅವರ ಲೋಗೋ ಹಾಕುವ ಹಾಗಿಲ್ಲ, ಇದು ಅನಧಿಕೃತ ಅಂತ ಹೇಳ್ಲೇಬೇಕು, ಕೆಳಗಿನ ಅಂಚಲ್ಲಿ ಸಣ್ಣಕ್ಕೆ ಬರೀರಿ. ಅಧಿಕೃತ ಟೂರ್ನಮೆಂಟಿಗೆ ತಗೊಂಡು ಹೋಗುದು ಬೇಡ, ಫ್ರೆಂಡ್ಸ್ ಜೊತೆ ಕಮಾಂಡರ್ (ಮ್ಯಾಜಿಕ್ ಆಡುವ ಒಂದು ವಿಧ) ಆಡುವಾಗ ಮೊದ್ಲೇ ತೋರಿಸಿ ಒಪ್ಪಿಸಿ.

ಅಳತೆ 63 × 88 ಮಿ.ಮೀ., ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚಿನ ಅಂಚು) ಬಿಡಿ, ಚಿತ್ರ 300 ಡಿಪಿಐ ಇರ್ಲಿ. ಬ್ಲೀಡ್ ಇಲ್ಲದೆ ಆದ್ರೆ ಒಂದು ಎ4 ಹಾಳೆಗೆ ಒಂಬತ್ತು ಹಿಡಿಸ್ತದೆ. ಮಂಗಳೂರಿನ ಹಂಪನಕಟ್ಟೆ ಕಡೆ ಇರ್ಲಿ, ಮಣಿಪಾಲದಲ್ಲಿ ಇರ್ಲಿ, ವಿಸಿಟಿಂಗ್ ಕಾರ್ಡ್ ಪ್ರಿಂಟ್ ಮಾಡುವ ಅಂಗಡಿಗೆ ಪಿಡಿಎಫ್ ಕೊಟ್ಟು 300 ಜಿಎಸ್‌ಎಂ ಆರ್ಟ್ ಕಾರ್ಡ್ ಕೇಳಿ, "ಫಿಟ್ ಟು ಪೇಜ್ ಬೇಡ, ಆಕ್ಚುವಲ್ ಸೈಜಲ್ಲೇ ಹಾಕಿ" ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ರೆ ಕಾರ್ಡ್ ಸ್ಲೀವಲ್ಲಿ ಅಲುಗಾಡ್ತದೆ. ಸ್ಕ್ರೀನಲ್ಲಿ ಕಂಡ ಮಹಿಷಾಸುರನ ಕೆಂಪು ಕಾಗದದಲ್ಲಿ ಮಂಕಾಗಿಯೇ ಬರ್ತದೆ, ಹಾಗಾಗಿ ಒಂದು ಹಾಳೆ ಮಾತ್ರ ತೆಗ್ಸಿ ನೋಡಿ ಬಣ್ಣ ಸರಿ ಮಾಡಿ ಆಮೇಲೆ ಉಳಿದದ್ದು. ಮಳೆಗಾಲದಲ್ಲಿ ಪ್ರಿಂಟ್ ತೆಗ್ಸಿದ್ರೆ ಅದೇ ದಿನ ಸ್ಲೀವಿಗೆ ಹಾಕಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ನಮ್ಮ ಕರಾವಳಿಯ ತೇವಕ್ಕೆ ಕಾರ್ಡ್ ಬೇಗ ಬಾಗ್ತದೆ.