ಮದುವೆ ಫೋಟೊ ದುಡ್ಡು ನಗದಾಗಿ ಬಂದಾಗ: ಆದಾಯ ತೆರಿಗೆ ರಿಟರ್ನ್ ತುಂಬುವ ನನ್ನ ಕ್ರಮ

ದಾವಣಗೆರೆ ಕಡೆ ಮದುವೆ ಫೋಟೊ ತೆಗೆಯುವ ನಮಗೆ ದುಡ್ಡು ಕಂತುಗಳಲ್ಲಿ ಬರುತ್ತದೆ: ದಿನ ಗೊತ್ತು ಮಾಡುವಾಗ ಮುಂಗಡ, ಮುಹೂರ್ತದ ದಿನ ಒಂದಿಷ್ಟು, ಆಲ್ಬಂ ಕೊಟ್ಟಾಗ ಬಾಕಿ. ಮುಂಗಡ ಫೋನ್‌ಪೇಯಲ್ಲಿ ಬಂದರೂ ಮುಹೂರ್ತದ ದಿನದ್ದು ಹೆಚ್ಚಾಗಿ ನಗದೇ. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಹೆಣ್ಣಿನ ತಂದೆ ಉಗ್ರಾಣದ ಪಕ್ಕಕ್ಕೆ ಕರೆದು ಕವರ್ ಕೈಗಿಡುತ್ತಾರೆ. ಅಲ್ಲೇ ಎಣಿಸಿ, ಕಾರ್ಬನ್ ಹಾಳೆ ಇಟ್ಟ ರಸೀದಿ ಪುಸ್ತಕದಲ್ಲಿ ತಾರೀಖು, ಹೆಸರು, ಮೊತ್ತ, ನಗದು ಎಂದು ಬರೆದು ಪ್ರತಿ ಹರಿದುಕೊಡುತ್ತೇನೆ. "ಇರ್ಲಿ ಬಿಡ್ರಿ, ನಮ್ಮ ನಿಮ್ಮಲ್ಲಿ ರಸೀದಿ ಯಾಕ್ರಿ" ಅಂದರೂ ಕೊಟ್ಟೇ ಬರುತ್ತೇನೆ. ರಿಟರ್ನ್ ತುಂಬುವಾಗ ನಗದಿನ ಲೆಕ್ಕಕ್ಕೆ ಇರುವ ಆಧಾರ ಆ ಪುಸ್ತಕ ಒಂದೇ.

ಖಾತೆಗೆ ಬಿದ್ದದ್ದಷ್ಟೇ ಆದಾಯ ಎಂದು ನಂಬಿದವರು ನಮ್ಮ ಕಸುಬಿನಲ್ಲಿ ಇನ್ನೂ ಇದ್ದಾರೆ. ಅದು ತಪ್ಪು. ನಾನು ತುಂಬುತ್ತ ಬಂದಿರುವುದು ಐಟಿಆರ್-4 ಫಾರಂ, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನ ಅಂದಾಜು ಲಾಭದ ಪದ್ಧತಿ: ಖರ್ಚು ಬಿಡಿಬಿಡಿಯಾಗಿ ತೋರಿಸದೆ, ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ಬರೆಯುವುದು. ಬ್ಯಾಂಕ್, ಯುಪಿಐ ಮೂಲಕ ಬಂದದ್ದಕ್ಕೆ ಕನಿಷ್ಠ ಶೇ. 6, ನಗದಿಗೆ ಕನಿಷ್ಠ ಶೇ. 8 ಲಾಭ ತೋರಿಸಬೇಕು. ಖಾತೆಗೆ 9 ಲಕ್ಷ, ಕೈಗೆ 6 ಲಕ್ಷ ಬಂದಿದ್ದರೆ 54,000 ಮತ್ತು 48,000, ಒಟ್ಟು 1,02,000 ರೂ. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನದ್ದನ್ನೇ ಬರೆಯಬೇಕು, ನಾನು ಹಾಗೇ ಬರೆಯುತ್ತೇನೆ. ಕ್ಯಾಮೆರಾ ಸಾಲಕ್ಕೆ ಹೋದರೆ ಬ್ಯಾಂಕಿನವರು ನೋಡುವುದು ರಿಟರ್ನಿನಲ್ಲಿರುವ ಅಂಕಿಯನ್ನು. ಅದೂ ಅಲ್ಲದೆ 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಸಿಕ್ಕು ತೆರಿಗೆಯೇ ಬೀಳುವುದಿಲ್ಲ. ಮುಚ್ಚಿಟ್ಟು ಗಳಿಸುವುದಾದರೂ ಏನು?

ಕವರಿನ ದುಡ್ಡನ್ನು ನಾನೇ ಒಯ್ದು ಖಾತೆಗೆ ಕಟ್ಟಿದ ಮಾತ್ರಕ್ಕೆ ಅದು ಶೇ. 6ರ ಸಾಲಿಗೆ ಹೋಗುವುದಿಲ್ಲ. ಗಿರಾಕಿ ಕೊಟ್ಟದ್ದು ನಗದು, ಲೆಕ್ಕವೂ ನಗದಿನದ್ದೇ. ಪಾಸ್‌ಬುಕ್ಕಿನಲ್ಲಿ ಆ ಜಮೆಯ ಎದುರು ರಸೀದಿ ನಂಬರನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಡುತ್ತೇನೆ. ಇಲ್ಲವಾದರೆ ಅದೇ ದುಡ್ಡು ಎರಡು ಕಡೆ ಸೇರಿಬಿಡುತ್ತದೆ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕೇ ಇಲಾಖೆಗೆ ವರದಿ ಕೊಡುತ್ತದೆ. ಆಗ ಕೇಳಿದರೆ ತೋರಿಸಲು ಈ ಗುರುತುಗಳು ಬೇಕು. ಡ್ರೋನ್‌ನವರಿಗೆ, ಆಲ್ಬಂ ಪ್ರೆಸ್ಸಿಗೆ ಕೊಟ್ಟದ್ದನ್ನು ಕಳೆದು ವಹಿವಾಟು ಬರೆಯುವವರಿದ್ದಾರೆ. ಗಿರಾಕಿ ನನಗೆ ಕೊಟ್ಟ ಪೂರ್ತಿ ಮೊತ್ತವೇ ನನ್ನ ವಹಿವಾಟು.

ದೊಡ್ಡ ಮದುವೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಆದಾಯ ತೆರಿಗೆ ಕಾನೂನಿನ ಪ್ರಕಾರ ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ದಿನ ಬೇರೆ ಬೇರೆ ಮಾಡಿ ತೆಗೆದುಕೊಂಡರೂ ಕೂಡಿಯೇ ಲೆಕ್ಕ, ಪಡೆದಷ್ಟೇ ದಂಡ, ಅದೂ ಪಡೆದವರ ಮೇಲೆ. ಹಾಗಾಗಿ ಅಂಥ ಮದುವೆ ಒಪ್ಪಿಕೊಳ್ಳುವಾಗ ಬಾಕಿಯನ್ನು ಚೆಕ್ ಅಥವಾ ಎನ್‌ಇಎಫ್‌ಟಿ ಮೂಲಕವೇ ಕೊಡಬೇಕೆಂದು ಬುಕಿಂಗ್ ಫಾರಂನಲ್ಲೇ ಬರೆಸಿ, ಯಜಮಾನರ ಸಹಿ ಹಾಕಿಸಿಕೊಳ್ಳುತ್ತೇನೆ.