ಶೆಂಗೆನ್ ಬಿಸಿನೆಸ್ ವೀಸಾ: ಅರ್ಜಿಯ ಫೈಲನ್ನು ನಾನು ಜೋಡಿಸುವ ಬಗೆ

ಶೆಂಗೆನ್ ಅಂದರೆ ತಮ್ಮ ನಡುವೆ ಗಡಿ ತಪಾಸಣೆ ಇಟ್ಟುಕೊಳ್ಳದೆ ಒಂದೇ ವೀಸಾ ಒಪ್ಪುವ ಯೂರೋಪಿನ ದೇಶಗಳ ಕೂಟ. ಅಲ್ಲಿಗೆ ಬಿಸಿನೆಸ್ ವೀಸಾ ಅಂದೊಡನೆ ಎಲ್ಲರೂ ಮೊದಲು ತೆರೆಯುವುದು ಅರ್ಜಿ ನಮೂನೆಯನ್ನು. ನಾನು ಅದನ್ನು ಕೊನೆಗೆ ತುಂಬುತ್ತೇನೆ. ಮೊದಲು ಕೈಗೆ ಬರಬೇಕಾದದ್ದು ಕರೆಯುವ ಕಂಪನಿಯ ಆಹ್ವಾನ ಪತ್ರ. ನಮೂನೆ, ವಿಮೆ, ಹೋಟೆಲ್, ಟಿಕೆಟ್, ನಮ್ಮ ಕಚೇರಿಯ ಪತ್ರ, ಎಲ್ಲದರ ತಾರೀಕೂ ಆ ಒಂದು ಪತ್ರದಿಂದಲೇ ಇಳಿದು ಬರಬೇಕು. ಅರ್ಜಿ ಪರಿಶೀಲಿಸುವವರು ಒಂದು ಕಾಗದವನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಾರೆ. ಒಂದೊಂದೂ ಸರಿಯಾಗಿದ್ದರೆ ಸಾಲದು, ಪರಸ್ಪರ ತಾಳೆಯಾಗಬೇಕು.

ಆತಿಥೇಯ ಕಂಪನಿಯ ಬಳಿ ಸಾಮಾನ್ಯವಾಗಿ ‘ಸಂಬಂಧಪಟ್ಟವರಿಗೆ’ ಎಂದು ಶುರುವಾಗುವ ಹಳೆಯ ನಕಲೊಂದು ಇರುತ್ತದೆ. ಅದರಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇರುವುದಿಲ್ಲ, ಉದ್ದೇಶದ ಜಾಗದಲ್ಲಿ ‘ವ್ಯವಹಾರದ ಮಾತುಕತೆ’ ಎಂದಷ್ಟೇ ಇರುತ್ತದೆ. ಹಾಗಾಗಿ ಕರಡನ್ನು ನಾನೇ ಬರೆದು ಕಳಿಸುತ್ತೇನೆ: ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು, ಅದರ ಸಂಖ್ಯೆ, ಹುದ್ದೆ, ಯಾವ ದಿನ ಯಾವ ಊರಿನಲ್ಲಿ ಯಾವ ಸಭೆ, ಎರಡು ಕಂಪನಿಗಳಿಗೂ ಇರುವ ಸಂಬಂಧ, ಯಾವ ಖರ್ಚು ಯಾರದ್ದು, ಸಹಿ ಮಾಡುವವರ ಹೆಸರು ಮತ್ತು ನೇರ ದೂರವಾಣಿ. ಕಾನ್ಸುಲೇಟ್‌ನವರು ವಿಚಾರಿಸಲು ಫೋನ್ ಮಾಡಿದಾಗ ಎತ್ತಿಕೊಂಡವರಿಗೆ ನಮ್ಮ ಹೆಸರೇ ಗೊತ್ತಿಲ್ಲದಿದ್ದರೆ ಪತ್ರಕ್ಕೆ ಬೆಲೆಯಿಲ್ಲ. ಆಗಸ್ಟ್‌ನಲ್ಲಂತೂ ಸಹಿ ಹಾಕುವವರು ರಜೆಯಲ್ಲಿಲ್ಲ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಆ ತಿಂಗಳು ಯೂರೋಪಿನ ಅರ್ಧ ಕಚೇರಿಗಳು ಖಾಲಿ.

ಪತ್ರದ ಒಂದೊಂದು ಪದವನ್ನೂ ತೂಗಿ ನೋಡಬೇಕು. ಸಭೆ, ಮೇಳ, ಒಪ್ಪಂದದ ಚರ್ಚೆ ಇವು ಬಿಸಿನೆಸ್ ವೀಸಾದೊಳಗೆ ಬರುತ್ತವೆ. ‘ಯಂತ್ರ ಅಳವಡಿಕೆ’, ‘ರಿಪೇರಿ’ ಎಂದು ಬರೆದರೆ ಅದು ಕೆಲಸ ಎನಿಸಿಕೊಂಡು ವರ್ಕ್ ಪರ್ಮಿಟ್ ಪ್ರಶ್ನೆ ಏಳಬಹುದು. ಈ ನಿಯಮ ದೇಶದಿಂದ ದೇಶಕ್ಕೆ ಬೇರೆ. ನಿಜವಾಗಿ ಅದೇ ಕೆಲಸಕ್ಕೆ ಹೋಗುವುದಾದರೆ ಪದ ಬದಲಿಸಿ ಮುಚ್ಚಿಡಬೇಡಿ, ಅಲ್ಲಿನ ನಿಯಮವನ್ನು ಆತಿಥೇಯರಿಂದಲೇ ಕೇಳಿ ತಿಳಿದುಕೊಳ್ಳಿ.

ಅರ್ಜಿ ಯಾವ ದೇಶದ ಕಾನ್ಸುಲೇಟ್‌ಗೆ? ಮುಖ್ಯ ಉದ್ದೇಶ ಅಥವಾ ಹೆಚ್ಚು ದಿನಗಳ ವಾಸ ಎಲ್ಲಿಯೋ ಆ ದೇಶಕ್ಕೆ. ಪ್ಯಾರಿಸ್‌ನಲ್ಲಿ ಎರಡು ದಿನ, ಮಿಲಾನ್‌ನಲ್ಲಿ ನಾಲ್ಕು ದಿನ ಸಭೆಗಳಿದ್ದರೆ ಇಟಲಿಗೆ. ಎರಡೂ ಸಮವಾದರೆ ಮಾತ್ರ ಮೊದಲು ಕಾಲಿಡುವ ದೇಶ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಬೇರೆ ದೇಶಕ್ಕೆ ಅರ್ಜಿ ಹಾಕುವ ಉಪಾಯ ಹೋಟೆಲ್ ಬುಕಿಂಗ್ ನೋಡಿದ ಕೂಡಲೇ ಬಯಲಾಗುತ್ತದೆ.

ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಶೆಂಗೆನ್ ಬಿಟ್ಟು ಹೊರಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ವಿಮೆಯ ಮೊತ್ತ ಕನಿಷ್ಠ 30,000 ಯೂರೋ. ಅದು ಶೆಂಗೆನ್ ದೇಶಗಳೆಲ್ಲಕ್ಕೂ, ಇರುವಷ್ಟು ದಿನಕ್ಕೂ ಅನ್ವಯಿಸಬೇಕು.

ನಮೂನೆಯಲ್ಲಿ ಹೆಚ್ಚು ಜನ ಎಡವುವುದು ದಿನಗಳ ಲೆಕ್ಕದಲ್ಲಿ. ಇಳಿದ ದಿನವೂ ಹೊರಟ ದಿನವೂ ಪೂರ್ತಿ ದಿನಗಳೇ; ಸೋಮವಾರ ಇಳಿದು ಶುಕ್ರವಾರ ಹೊರಟರೆ 5 ದಿನ, 4 ಅಲ್ಲ. ಭಾನುವಾರ ರಾತ್ರಿ ವಿಮಾನ ಹತ್ತಿ ಸೋಮವಾರ ಬೆಳಿಗ್ಗೆ ಇಳಿಯುವುದಾದರೆ ಪ್ರವೇಶದ ತಾರೀಕು ಸೋಮವಾರದ್ದು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಲಿಸ್ಬನ್‌ಗೆ ಹೋಗುವವರು ಗಡಿ ತಪಾಸಣೆ ದಾಟುವುದು ಜರ್ಮನಿಯಲ್ಲಿ. ಹಾಗಾಗಿ ಮೊದಲ ಪ್ರವೇಶ ಜರ್ಮನಿ, ಮುಖ್ಯ ಗಮ್ಯ ಪೋರ್ಚುಗಲ್. ನಡುವೆ ಶೆಂಗೆನ್ ಹೊರಗಿನ ಲಂಡನ್‌ಗೆ ಹೋಗಿ ಮತ್ತೆ ಪ್ಯಾರಿಸ್‌ಗೆ ಬರುವ ಯೋಜನೆಯಿದ್ದರೆ ಒಂದೇ ಪ್ರವೇಶದ ವೀಸಾ ಸಾಲದು. ಹೆಚ್ಚು ಪ್ರವೇಶ ಕೇಳಿ, ಕಾರಣವನ್ನು ಕವರಿಂಗ್ ಲೆಟರ್‌ನಲ್ಲೂ ಬರೆಯಿರಿ.

ಖರ್ಚಿನ ವಿಷಯದಲ್ಲಿ ಮೂರು ಕಾಗದಗಳು ಮೂರು ಬಗೆಯಾಗಿ ಮಾತಾಡುವುದು ತೀರಾ ಸಾಮಾನ್ಯ. ಆಹ್ವಾನ ಪತ್ರದಲ್ಲಿ ವಸತಿ ಆತಿಥೇಯರದ್ದು, ನಮ್ಮ ಕಚೇರಿಯ ಪತ್ರದಲ್ಲಿ ಎಲ್ಲ ಖರ್ಚೂ ಕಚೇರಿಯದ್ದು, ನಮೂನೆಯಲ್ಲಿ ಟಿಕ್ ಮಾಡಿದ್ದು ಸ್ವಂತ ಹಣ. ಸಲ್ಲಿಸುವ ಮುನ್ನ ಮೂರನ್ನೂ ಮೇಜಿನ ಮೇಲೆ ಹರಡಿ ಇದೊಂದನ್ನೇ ಹೋಲಿಸಿ ನೋಡುತ್ತೇನೆ. ಅರ್ಜಿಗೆ ಮುಂಚಿನ ವಾರ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ತುಂಬಿಸುವುದರಿಂದ ಉಪಯೋಗವಿಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು.

ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಸಲ್ಲಿಸಬಹುದು. ನಿರ್ಧಾರಕ್ಕೂ 15 ದಿನದ ಗಡುವಿದೆ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೆ ಎಳೆಯಬಹುದು. ಈ ಲೆಕ್ಕ ಶುರುವಾಗುವುದು ಪೂರ್ಣ ಅರ್ಜಿ ಅವರ ಕೈ ಸೇರಿದ ಮೇಲೆ. ಅಪಾಯಿಂಟ್‌ಮೆಂಟ್‌ಗಾಗಿ ಕಾದ ವಾರಗಳು ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ಸಭೆಯ ತಾರೀಕಿನಿಂದ 45 ದಿನ ಹಿಂದಕ್ಕೆ ಎಣಿಸಿ, ಅದಕ್ಕಿಂತ ಮೊದಲಿನ ಸ್ಲಾಟ್ ಹುಡುಕುತ್ತೇನೆ. ಅಷ್ಟೂ ದಿನ ಪಾಸ್‌ಪೋರ್ಟ್ ಅವರ ಬಳಿ ಇರಬಹುದಾದ್ದರಿಂದ ಬೇರೆ ವಿದೇಶ ಪ್ರಯಾಣ ಇಟ್ಟುಕೊಳ್ಳುವುದಿಲ್ಲ. ಬೆರಳಚ್ಚು ಒಮ್ಮೆ ಕೊಟ್ಟರೆ 59 ತಿಂಗಳು ಮರುಬಳಕೆಯಾಗುತ್ತದೆ. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಕಾನ್ಸುಲೇಟ್ ಪರವಾಗಿ ಅರ್ಜಿ ಸ್ವೀಕರಿಸುವ ಸೇವಾ ಕೇಂದ್ರದ ಶುಲ್ಕ ಬೇರೆ. ವೀಸಾ ನಿರಾಕರಿಸಿದರೂ ಹಣ ವಾಪಸ್ಸಿಲ್ಲ.

ನಿರಾಕರಣೆ ಬಂದರೆ ಕಾರಣಗಳಿಗೆ ಗುರುತು ಹಾಕಿದ ನಿಗದಿತ ನಮೂನೆ ಕೊಡುತ್ತಾರೆ. ಮೇಲ್ಮನವಿಗೆ ಹಕ್ಕಿದೆ, ಆದರೆ ಸಭೆಯ ತಾರೀಕು ಅದಕ್ಕೆ ಕಾಯುವುದಿಲ್ಲ. ವಾಸದ ಉದ್ದೇಶ ಸಾಬೀತಾಗಿಲ್ಲ ಎಂದಿದ್ದರೆ ಆಹ್ವಾನ ಪತ್ರವನ್ನು ಹೊಸದಾಗಿ ಬರೆಸಿ, ಹಿಂದಿನ ಆಕ್ಷೇಪಕ್ಕೆ ಕವರಿಂಗ್ ಲೆಟರ್‌ನಲ್ಲಿ ನೇರ ಉತ್ತರ ಕೊಟ್ಟು ಮತ್ತೆ ಅರ್ಜಿ ಹಾಕುವುದೇ ಎಷ್ಟೋ ಸಲ ಬೇಗದ ದಾರಿ. ಅದೇ ಫೈಲನ್ನು ಹಾಗೆಯೇ ಮತ್ತೆ ಕೊಟ್ಟರೆ ಉತ್ತರವೂ ಅದೇ ಬರುತ್ತದೆ.

ವೀಸಾ ಬಂದರೆ ಕೌಂಟರ್ ಬಿಡುವ ಮೊದಲು ಸ್ಟಿಕ್ಕರ್ ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪ್ರವೇಶಗಳ ಸಂಖ್ಯೆ ಸರಿಯಿವೆಯೇ ನೋಡಿಕೊಳ್ಳಿ. ಚಾಲ್ತಿ ಅವಧಿಯ ತಾರೀಕುಗಳೇ ಬೇರೆ, ಒಳಗೆ ಇರಬಹುದಾದ ದಿನಗಳ ಸಂಖ್ಯೆಯೇ ಬೇರೆ. 25 ದಿನ ಚಾಲ್ತಿಯಿರುವ ಸ್ಟಿಕ್ಕರ್‌ನಲ್ಲಿ ವಾಸ 10 ದಿನ ಎಂದಿದ್ದರೆ, ಹನ್ನೊಂದನೆಯ ದಿನ ನೀವು ಅಲ್ಲಿರುವಂತಿಲ್ಲ.